ದ್ರವಸ್ಫಟಿಕದಲ್ಲಿ ವಿದ್ಯುತ್ತಿನ ಸುಳಿಗಳು

ಹರಿಯುವುದು ದ್ರವದ ಗುಣ, ಕ್ರಮವಾಗಿ ನಿಲ್ಲುವುದು ಸ್ಫಟಿಕದ ಗುಣ ಎಂದು ನಾವು ಬಲ್ಲೆವು. ಈ ಎರಡು ಗುಣಗಳೂ ಒಂದೇ ವಸ್ತುವಿನಲ್ಲಿ ಕೂಡಿರಬಹುದೆಂಬುದರ ಸುಳಿವು ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ರೈನಿಟ್ಸರನಿಗೆ 1888ರಲ್ಲಿ ದೊರೆಯಿತು. ಇಂಥ ವಸ್ತುಗಳೇ ದ್ರವಸ್ಫಟಿಕಗಳು. ಇವುಗಳಲ್ಲಿ ನೆಮ್ಯಾಟಿಕ್ ಎಂಬುದೊಂದು ವರ್ಗ. ಅದರ ಕಡ್ಡಿಯಾಕಾರದ ಅಣುಗಳು, ಹೊಳೆಯಲ್ಲಿ ತೇಲಿಬರುವ ಮರದ ದಿಮ್ಮಿಗಳಂತೆ, ಸ್ಥಳ ಬದಲಿಸುತ್ತಿದ್ದರೂ ಹೆಚ್ಚುಕಡಮೆ ಒಂದೇ ದಿಕ್ಕಿಗೆ ಚಾಚಿಕೊಂಡಿರುತ್ತವೆ.

ಇಂಥ ದ್ರವದ ತೆಳುವಾದ ಪದರವನ್ನು ವಿದ್ಯುದ್ವಾಹಕ ಲೇಪವಿರುವ ಎರಡು ಗಾಜಿನ ಫಲಕಗಳ ನಡುವೆ ಇಟ್ಟು, ಕೆಲವು ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದರೆ, ಸೂಕ್ಷ್ಮದರ್ಶಕದಲ್ಲಿ ಸಮಾಂತರವಾದ ಪಟ್ಟೆಗಳು ಕಾಣುವುವು. ಅಮೆರಿಕದ ರಿಚರ್ಡ್ ವಿಲಿಯಮ್ಸ್ 1963ರಲ್ಲಿ ಈ ಪಟ್ಟೆಗಳನ್ನು ವರ್ಣಿಸಿದನು.

ಇಲ್ಲೊಂದು ಸಮಸ್ಯೆಯುಂಟು. ಪಟ್ಟೆಗಳು ಮೂಡುವ ಈ ವಸ್ತುಗಳ ಅಣುಗಳು ವಿದ್ಯುತ್ ಕ್ಷೇತ್ರಕ್ಕೆ ಅಡ್ಡಲಾಗಿ ನಿಲ್ಲಬಯಸುವಂಥವು. ಫಲಕಗಳಿಗೆ ಸಮಾಂತರವಾಗಿ ಮಲಗಿರುವ ಅವು ಮೊದಲೇ ಕ್ಷೇತ್ರಕ್ಕೆ ಅಡ್ಡಲಾಗಿವೆ. ಕ್ಷೇತ್ರವು ಅವನ್ನು ಇನ್ನೂ ಭದ್ರವಾಗಿ ಹಿಡಿದಿಡಬೇಕಷ್ಟೆ? ಹಾಗಿದ್ದೂ ಅದು ಕಲಕುವುದೇಕೆ?

ಕಾರ್ ಮತ್ತು ಹೆಲ್ಫ್ರಿಚ್ ಎಂಬ ವಿಜ್ಞಾನಿಗಳು ಕೊಟ್ಟ ಉತ್ತರ 1969ರ ಹೊತ್ತಿಗೆ ಸ್ಪಷ್ಟವಾಯಿತು. ಉಷ್ಣಚಲನೆಯಿಂದ ಅಣುಗಳ ಸಾಲಿನಲ್ಲಿ ಎಲ್ಲಿಯೋ ಒಂದು ಸಣ್ಣ ಬಾಗು ಉಂಟಾಯಿತೆನ್ನೋಣ. ದ್ರವದಲ್ಲಿರುವ ಅಲ್ಪಸ್ವಲ್ಪ ಅಯಾನುಗಳು ಅಣುಗಳ ಅಡ್ಡಕ್ಕಿಂತ ಉದ್ದಕ್ಕೆ ಸುಲಭವಾಗಿ ಸಾಗುತ್ತವೆ. ಆದುದರಿಂದ ನೇರವಾಗಿ ಹಾಯಬೇಕಾದ ವಿದ್ಯುತ್ಪ್ರವಾಹವು ಬಾಗಿದ ಕಡೆ ಪಕ್ಕಕ್ಕೆ ಹೊರಳುವುದು. ಒಂದೆಡೆ ಧನ, ಅದರ ಪಕ್ಕದಲ್ಲಿ ಋಣ ವಿದ್ಯುದಂಶಗಳು ಶೇಖರವಾಗುವುವು. ಕ್ಷೇತ್ರವು ಇವನ್ನು ಎದುರು ದಿಕ್ಕುಗಳಿಗೆ ತಳ್ಳಿದಾಗ ದ್ರವವೂ ಜೊತೆಯಲ್ಲಿ ಚಲಿಸಿ ಸುಳಿಗಳ ಸಾಲು ಏಳುವುದು. ಆ ಹರಿವು ಅಣುಗಳನ್ನು ಮತ್ತಷ್ಟು ಬಾಗಿಸುವುದು. ಬಾಗು ಹೆಚ್ಚಿದಂತೆ ವಿದ್ಯುದಂಶವೂ, ವಿದ್ಯುದಂಶ ಹೆಚ್ಚಿದಂತೆ ಹರಿವೂ ಹೆಚ್ಚುವುವು. ಬಾಗಿದ ಪದರವು ಮಸೂರಗಳ ಸಾಲಿನಂತೆ ಬೆಳಕನ್ನು ಒಗ್ಗೂಡಿಸುವುದರಿಂದ ನಮಗೆ ಪಟ್ಟೆಗಳು ಕಾಣುತ್ತವೆ.

ಇದನ್ನು ತಡೆಯುವ ಬಲಗಳೂ ಇವೆ. ಅಣುಗಳನ್ನು ಮತ್ತೆ ನೇರಗೊಳಿಸಲೆಳಸುವ ಸ್ಥಿತಿಸ್ಥಾಪಕತೆ ಅವುಗಳಲ್ಲೊಂದು. ಆದ್ದರಿಂದ ವೋಲ್ಟೇಜು ಒಂದು ಮಿತಿಯನ್ನು ದಾಟಿದ ಮೇಲೆಯೇ ಸುಳಿಗಳು ಹುಟ್ಟುತ್ತವೆ. ಎಂ.ಬಿ.ಬಿ.ಎ. ಎಂಬ ವಸ್ತುವಿನಲ್ಲಿ ಈ ಮಿತಿ ಸುಮಾರು 7 ವೋಲ್ಟ್. ಪದರದ ದಪ್ಪವನ್ನು ಇಮ್ಮಡಿಸಿದರೂ ಅದು ಬದಲಾಗದು! ಕ್ಷೇತ್ರವು ಅರ್ಧವಾಗಿ, ಅದರ ವರ್ಗವನ್ನು ಅನುಸರಿಸುವ ಬಲ ಕಾಲುಭಾಗಕ್ಕಿಳಿಯುವುದು ನಿಜ. ಆದರೆ ಬಾಗನ್ನು ಎದುರಿಸುವ ಸ್ಥಿತಿಸ್ಥಾಪಕ ಬಲವೂ ಕಾಲುಭಾಗಕ್ಕೇ ಇಳಿಯುವುದು.

ಪರ್ಯಾಯ ವಿದ್ಯುತ್ತಿನಲ್ಲಿಯೂ ಈ ಸುಳಿಗಳೇಳುತ್ತವೆ. ಕ್ಷೇತ್ರದ ದಿಕ್ಕು ತಿರುಗಿದಾಗ ವಿದ್ಯುದಂಶಗಳ ಚಿಹ್ನೆಯೂ ತಿರುಗುವುದು. ಬಲವು ಅವೆರಡರ ಗುಣಲಬ್ಧವಾದುದರಿಂದ ಅದರ ದಿಕ್ಕು ಹಾಗೆಯೇ ಉಳಿಯುವುದು. ಆವೃತ್ತಿಯು ಬಹಳ ಹೆಚ್ಚಾದರೆ ಮಾತ್ರ ವಿದ್ಯುದಂಶಗಳು ಶೇಖರವಾಗಲು ಕಾಲ ಸಾಲದು.

ವೋಲ್ಟೇಜನ್ನು ಇನ್ನೂ ಏರಿಸಿದರೆ ಸುಳಿಗಳು ಒಡೆದು, ಪಾರದರ್ಶಕ ಪದರ ಹಾಲಿನಂತೆ ಬೆಳ್ಳಗಾಗುವುದು. ಹೈಲ್ಮೈಯರ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ದ್ರವಸ್ಫಟಿಕ ಪರದೆಗೆ ಇದೇ ಆಧಾರ. 1971ರಲ್ಲಿ ಷಾಡ್ಟ್ ಮತ್ತು ಹೆಲ್ಫ್ರಿಚ್, ಹರಿವಿನ ಹಂಗಿಲ್ಲದೆ ಕ್ಷೇತ್ರದಿಂದಲೇ ಅಣುಗಳನ್ನು ತಿರುಗಿಸುವ ವಿಧಾನವನ್ನು ತೋರಿಸಿದರು. ಅದಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪವಾದ್ದರಿಂದ ಕೈಗಡಿಯಾರದ ಪರದೆಗೆ ಅದೇ ಒಗ್ಗಿತು.

ಸುಳಿಯೆಬ್ಬಿಸುವ ಪರದೆ ಹೀಗೆ ಹಿಂದೆ ಸರಿಯಿತು. ಆದರೆ ಅದು ಕಲಿಸಿದ ಪಾಠ ಉಳಿದಿದೆ: ದ್ರವಸ್ಫಟಿಕದಲ್ಲಿ ಅಣುಗಳ ದಿಕ್ಕನ್ನು ಬಿಟ್ಟು ಹರಿವನ್ನಾಗಲಿ, ಹರಿವನ್ನು ಬಿಟ್ಟು ದಿಕ್ಕನ್ನಾಗಲಿ ಅರಿಯಲಾಗದು.