ಮುಂದಿನ ವಾಯಿದೆ ಕೊಡುವ ಮೇಜು

ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಗುವವರು ಹನ್ನೊಂದಕ್ಕೆ ಮುಂಚೆಯೇ ಮೇಲಿನ ಮಹಡಿ ಸೇರಿಕೊಳ್ಳುವುದು ಒಳ್ಳೆಯದು. ಆಮೇಲೆ ಲಿಫ್ಟಿನ ಮುಂದೆ ಬರೀ ಕರಿಕೋಟು. ಹಾಲ್‌ಗಳ ಹೊರಗೆ ಆ ದಿನದ ಪಟ್ಟಿ. ಕೇಸಿನ ನಂಬರಿಗಿಂತ ಅದರೆದುರಿನ ಹಂತ ನೋಡಿ: ಸಮನ್ಸ್, ಲಿಖಿತ ಹೇಳಿಕೆ, ಸಾಕ್ಷ್ಯ, ವಾದ. ವರ್ಷಗಟ್ಟಲೆ ಕೇಸು ಕೂತುಬಿಡುವುದು ಈ ಹಂತಗಳಲ್ಲೇ.

ಒಳಗೆ ದಲಾಯತರು ಹೆಸರು ಕೂಗುತ್ತಾರೆ. ಪ್ರತಿವಾದಿ ಆ ವಿಳಾಸದಲ್ಲಿಲ್ಲವೆಂದು ಸಮನ್ಸ್ ವಾಪಸಾಗಿದೆ, ಮುಂದಿನ ವಾಯಿದೆ. ವಕೀಲರು ಇನ್ನೊಂದು ಹಾಲ್‌ನಲ್ಲಿದ್ದಾರೆ, ಮುಂದಿನ ವಾಯಿದೆ. ಪಾಟೀಸವಾಲಿಗೆಂದು ಊರಿಂದ ಬಂದ ಹಿರಿಯರೊಬ್ಬರು ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತೇ ಇದ್ದರು. “ಇವತ್ತು ಆಗಲ್ಲ ಯಜಮಾನ್ರೇ, ಡೇಟ್ ಬರ್ಕೊಳ್ಳಿ” ಎಂದರು ಗುಮಾಸ್ತರು. “ಅವತ್ತಾದ್ರೂ ಆಗತ್ತಾ ಸಾರ್?” ಉತ್ತರ ಬರಲಿಲ್ಲ.

ನಿಯಮವಿಲ್ಲ ಎನ್ನುವಂತಿಲ್ಲ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಮಾದರಿ ನಿಯಮಗಳನ್ನು ಹೈಕೋರ್ಟ್‌ಗಳ ಮುಂದಿಟ್ಟಿತು. ಕರ್ನಾಟಕವೂ ಅದೇ ವರ್ಷ ಅಧೀನ ನ್ಯಾಯಾಲಯಗಳ ಪ್ರಕರಣ ನಿರ್ವಹಣೆಗೆ ನಿಯಮ ಮಾಡಿತು. ದಾವೆಗಳಿಗೆ ನಾಲ್ಕು ಟ್ರ್ಯಾಕ್: ಜೀವನಾಂಶ, ಮಗುವಿನ ಸುಪರ್ದಿಯಂಥವಕ್ಕೆ 9 ತಿಂಗಳು, ಡಿಕ್ರಿ ಅಮಲ್ಜಾರಿಗೆ 12, ಪಾಲಿನ ದಾವೆಗೆ 24. ಆದರೆ ಈ ಗಡುವಿನ ಎಣಿಕೆ ಶುರುವಾಗುವುದು ಪ್ರತಿವಾದಿ ಹಾಜರಾದ ಮೇಲೆ. ಸಮನ್ಸೇ ಮುಟ್ಟದಿದ್ದರೆ ಯಾವ ಗಡುವು? ಸಿವಿಲ್ ಪ್ರಕ್ರಿಯಾ ಸಂಹಿತೆಯೂ ವಿಚಾರಣೆ ವೇಳೆ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಬೇಡ ಎನ್ನುತ್ತದೆ. ಪಾಲನೆಯ ಮಾತು ಬಿಡಿ.

ನನಗೆ ಮುಖ್ಯವೆನಿಸಿದ್ದು ಬೆಂಚ್ ಕ್ಲರ್ಕ್ ಮುಂದಿನ ಡೈರಿ. ಒಂದು ದಿನಕ್ಕೆ ಎಷ್ಟು ಸಾಕ್ಷಿಗಳ ವಿಚಾರಣೆ ಮುಗಿದೀತು ಎಂದು ಅಳೆದು ಅಷ್ಟಕ್ಕೇ ದಿನ ಕೊಟ್ಟರೆ, ಆ ಹಿರಿಯರು ಬಸ್‌ಚಾರ್ಜು ಕಳೆದುಕೊಂಡು ಹಿಂದಿರುಗಬೇಕಿರಲಿಲ್ಲ. ಸಮನ್ಸ್, ವಕಾಲತ್ತಿನಂಥ ಸಣ್ಣ ಕೆಲಸಗಳನ್ನು ಬೇರೆ ವೇಳೆಗೆ ಸರಿಸಿದರೆ ನ್ಯಾಯಾಧೀಶರ ಬೆಳಗಿನ ಹೊತ್ತು ಸಾಕ್ಷ್ಯಕ್ಕೆ ಉಳಿಯುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಒತ್ತಿದರೆ ಮುಂದಿನ ದಿನಾಂಕವೇನೋ ಕೂತಲ್ಲೇ ಸಿಗುತ್ತದೆ. ಅಂದು ಕೇಸು ನಡೆದೀತೇ ಎಂಬುದು ಮಾತ್ರ ಅದಕ್ಕೂ ಗೊತ್ತಿಲ್ಲ.

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೂ ಹೋಗಿ ಬನ್ನಿ. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಅಲ್ಲಿದೆ. ಕೋರ್ಟು ಕಳಿಸಿದ ಕೇಸಿಗೆ ಶುಲ್ಕವಿಲ್ಲ. ಇಲ್ಲಿ ಇಬ್ಬರೂ ಒಪ್ಪಿದರೆ ಕೋರ್ಟಿನಲ್ಲಿ ರಾಜಿ ಡಿಕ್ರಿ; ಒಪ್ಪದಿದ್ದರೆ ಕಡತ ಮತ್ತೆ ಹಳೆಯ ಹಾಲ್‌ಗೆ.