ಬಿಲ್ಲು ಕಟ್ಟುವ ಕಸುಬು ಮತ್ತು ಹಳಗನ್ನಡ ಕಾವ್ಯದ ಓದು: ಕೇರಳದ ಕೆಲವು ಆಧಾರಗಳು

ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಬಿಲ್ಲಿಗೆ ಸಂಬಂಧಿಸಿದ ಪದಗಳು ಹೇರಳವಾಗಿವೆ. ಬಿಲ್ಲಿನ ಹುರಿಗೆ ಹೆದೆ, ಹುರಿಯನ್ನು ಸಿಕ್ಕಿಸುವ ತುದಿಗೆ ಕೊಪ್ಪು, ಬಾಣಕ್ಕೆ ಅಂಬು ಮತ್ತು ಸರಳು, ಅದರ ಗರಿಕಟ್ಟಿದ ಭಾಗಕ್ಕೆ ಹಿಳುಕು, ಬಾಣಗಳನ್ನಿಡುವ ಕೋಶಕ್ಕೆ ದೊಣೆ ಮತ್ತು ಬತ್ತಳಿಕೆ ಎಂಬ ಹೆಸರುಗಳಿವೆ. ನಿಘಂಟುಗಳು ಇವುಗಳಿಗೆ ಅರ್ಥವನ್ನು ಕೊಡುತ್ತವೆ. ಆದರೆ ಈ ವಸ್ತುಗಳು ಯಾವ ಮರದಿಂದ, ಯಾವ ಕ್ರಮದಲ್ಲಿ ಸಿದ್ಧವಾಗುತ್ತಿದ್ದವು ಎಂಬುದನ್ನು ಅರಿಯದೆ ಅನೇಕ ಪ್ರಯೋಗಗಳ ಸ್ವಾರಸ್ಯ ನಮಗೆ ಪೂರ್ಣವಾಗಿ ದಕ್ಕುವುದಿಲ್ಲ. ಈ ಕೊರತೆಯನ್ನು ತುಂಬಲು ಕೇರಳದಲ್ಲಿ, ಮುಖ್ಯವಾಗಿ ತಿರುವನಂತಪುರ ಮತ್ತು ಕೊಚ್ಚಿಗಳಲ್ಲಿ, ದೊರೆಯುವ ಕೆಲವು ಆಧಾರಗಳನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬಿಲ್ಲೋಜನಿದ್ದಾನೆ, ಬಿಲ್ಲು ಕಟ್ಟುವವನಿಲ್ಲ

ಪಂಪನ 'ವಿಕ್ರಮಾರ್ಜುನ ವಿಜಯ'ದ (ಕ್ರಿ.ಶ. 941) ನಾಯಕನು ಬಿಲ್ಲಾಳುಗಳಲ್ಲಿ ಅಗ್ರಗಣ್ಯ. ದ್ರೋಣನನ್ನು ಬಿಲ್ಲೋಜನೆಂದು ಕರೆಯುವುದು ಕನ್ನಡದ ರೂಢಿ. ಇಲ್ಲಿ 'ಓಜ' ಎಂಬ ಪದವನ್ನು ಗಮನಿಸಬೇಕು. ಉಪಾಧ್ಯಾಯ ಎಂಬ ಅರ್ಥದ ಈ ಪದವೇ ದಾಸೋಜನಂತಹ ಶಿಲ್ಪಿಗಳ ಹೆಸರಿನಲ್ಲಿಯೂ ಇದೆ. ಎಂದರೆ ಕಲಿಸುವವನಿಗೂ ಕುಶಲಕರ್ಮಿಗೂ ಅದು ಸಲ್ಲುತ್ತದೆ. ಆದರೆ ಕಾವ್ಯದ ಬಿಲ್ಲೋಜನು ಎಸುಗೆಯನ್ನು ಕಲಿಸುವವನೇ ಹೊರತು ಬಿಲ್ಲನ್ನು ಕಟ್ಟುವವನಲ್ಲ. ಕಾವ್ಯದ ಪ್ರಸಿದ್ಧ ಬಿಲ್ಲುಗಳು ದೇವತೆಗಳಿಂದ ಬರುತ್ತವೆ, ಕಮ್ಮಟದಿಂದ ಬರುವುದಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ವು ಬೇಟೆಯ ವಿಧಗಳನ್ನು ವಿಸ್ತಾರವಾಗಿ ನಿರೂಪಿಸಿದರೂ ಅದು ಬೇಟೆಯಾಡುವ ಅರಸನ ದೃಷ್ಟಿಯ ಗ್ರಂಥ.

2. ಒಂದು ಹೊರನಾಡಿನ ನಿದರ್ಶನ

ಕಸುಬಿನ ಅರಿವು ಬರಹಕ್ಕೆ ಇಳಿಯುವುದು ಹೇಗೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಉಪಯುಕ್ತವಾಗಿದೆ. ಯಾಹಿ ಬುಡಕಟ್ಟಿನ ಕೊನೆಯವನೆಂದು ತಿಳಿಯಲಾದ ಇಶಿ ಎಂಬಾತ 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಬಳಿ ಕಾಣಿಸಿಕೊಂಡನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಆತನ ಬಳಿ ಬಿಲ್ಲುವಿದ್ಯೆಯನ್ನು ಕಲಿತರು. ಇಶಿ 1916ರಲ್ಲಿ ತೀರಿಕೊಂಡನು. ಬಿಲ್ಲಿನ ಮರ, ಅದರ ಬೆನ್ನಿಗೆ ಅಂಟಿಸುವ ಪ್ರಾಣಿಯ ನರ, ಬಾಣದ ರಚನೆ ಮುಂತಾದವುಗಳ ವಿವರಗಳನ್ನು ಪೋಪ್ 1918ರಲ್ಲಿ ಅದೇ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಮಾಲೆಯಲ್ಲಿ ಪ್ರಕಟಿಸಿದರು. ಮುಂದೆ ಈ ಆಸಕ್ತಿ ವಿಸ್ತಾರಗೊಂಡಿತು. ಬ್ರಿಟನ್ನಿನಲ್ಲಿ 1956ರಲ್ಲಿ ಸ್ಥಾಪಿತವಾದ 'ಸೊಸೈಟಿ ಆಫ್ ಆರ್ಚರ್ ಆ್ಯಂಟಿಕ್ವೆರೀಸ್' ತನ್ನದೇ ಪತ್ರಿಕೆಯನ್ನು ಹೊರತಂದಿತು. ಅಮೆರಿಕದಲ್ಲಿ 'ಬುಲೆಟಿನ್ ಆಫ್ ಪ್ರಿಮಿಟಿವ್ ಟೆಕ್ನಾಲಜಿ' 1991ರಲ್ಲಿ ಆರಂಭವಾಯಿತು. ಕೈಯಿಂದ ಬಿಲ್ಲು ಕೆತ್ತುವವರಿಗಾಗಿಯೇ 'ಪ್ರಿಮಿಟಿವ್ ಆರ್ಚರ್' ಎಂಬ ನಿಯತಕಾಲಿಕೆಯೂ ಬಂದಿತು. ಹವ್ಯಾಸಿಗಳು ಓದುವ ಇಂತಹ ಪತ್ರಿಕೆಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಸಂಶೋಧನ ಪ್ರಕಟಣೆಯಿದೆ ಎಂಬುದು ನಮಗೆ ಮುಖ್ಯವಾದ ಸಂಗತಿ.

ನಮ್ಮಲ್ಲಿ ಈ ಅರಿವು ಬರಹದಲ್ಲಿ ಕಡಿಮೆ, ವಸ್ತು ಮತ್ತು ಆಚರಣೆಗಳಲ್ಲಿ ಹೆಚ್ಚು. ಕೇರಳದಲ್ಲಿ ಅದು ಆಕಾರ, ನಾದ, ಎಸುಗೆ ಎಂದು ಮೂರಾಗಿ ಹಂಚಿಹೋಗಿದೆ.

3. ತಿರುವನಂತಪುರ: ಆಕಾರ ಮತ್ತು ನಾದ

ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದಲ್ಲಿ ತಿರುವೋಣದ ದಿನ ಓಣವಿಲ್ಲನ್ನು ಸಮರ್ಪಿಸುವ ಸಂಪ್ರದಾಯವಿದೆ. ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಅನಂತಪುರ ಸರೋವರ ದೇವಾಲಯವನ್ನು ಈ ಪದ್ಮನಾಭನ ಮೂಲಸ್ಥಾನವೆಂದು ನಂಬುವುದರಿಂದ ಕನ್ನಡ ಸಂಶೋಧಕರಿಗೆ ಈ ಕ್ಷೇತ್ರ ಅಪರಿಚಿತವಲ್ಲ. ಓಣವಿಲ್ಲು ನಡುವೆ ಅಗಲವಾಗಿ ಎರಡು ತುದಿಗಳತ್ತ ಕಿರಿದಾಗುವ ಹಲಗೆ. ಅದರ ಮೇಲೆ ಅನಂತಶಯನ, ದಶಾವತಾರ, ಶ್ರೀರಾಮ ಪಟ್ಟಾಭಿಷೇಕ ಮುಂತಾದ ಚಿತ್ರಗಳಿರುತ್ತವೆ. ಕರಮನ ಪ್ರದೇಶದ ಒಂದು ವಿಶ್ವಕರ್ಮ ಮನೆತನ ವ್ರತನಿಷ್ಠೆಯಿಂದ ಇದನ್ನು ಪರಂಪರಾಗತವಾಗಿ ಸಿದ್ಧಪಡಿಸುತ್ತದೆ. ಇದು ಬಾಗುವ ಬಿಲ್ಲಲ್ಲ. ಇದರಿಂದ ಬಾಣ ಹೊರಡುವುದಿಲ್ಲ. ಆದರೂ ಬಿಲ್ಲು ಕಟ್ಟುವುದು ಒಂದು ಕುಲದ ಹೊಣೆಯೆಂಬ ಕಲ್ಪನೆ ಇಲ್ಲಿ ಉಳಿದುಬಂದಿದೆ.

ಓಣವಿಲ್ಲು ಎಂಬ ಹೆಸರಿನ ವಾದ್ಯವೊಂದು ಮಧ್ಯ ಕೇರಳದಲ್ಲಿ ಬೇರೆಯೇ ಇದೆ. ಈ ಎರಡನ್ನು ಒಂದೆಂದು ಭಾವಿಸಬಾರದು. ವಾದ್ಯರೂಪದ ಬಿಲ್ಲಿಗೆ ಬಿದಿರಿನ ಸೀಳನ್ನೇ ಹುರಿಯಾಗಿ ಬಿಗಿದು ಸಣ್ಣ ಕಡ್ಡಿಯಿಂದ ನುಡಿಸುತ್ತಾರೆ. ತಿರುವನಂತಪುರದಿಂದ ದಕ್ಷಿಣಕ್ಕೆ, 1956ರವರೆಗೆ ತಿರುವಾಂಕೂರು ಭಾಗವಾಗಿದ್ದ ಕನ್ಯಾಕುಮಾರಿ ಪ್ರದೇಶದವರೆಗೆ, ವಿಲ್ಲಡಿಚ್ಚಾನ್ ಪಾಟ್ಟು ಎಂಬ ಕಥನಗಾಯನ ಪ್ರಚಾರದಲ್ಲಿದೆ. ಮಡಕೆಯ ಮೇಲಿರಿಸಿದ ದೊಡ್ಡ ಬಿಲ್ಲಿಗೆ ಗೆಜ್ಜೆಗಳನ್ನು ಕಟ್ಟಿ, ಹುರಿಯನ್ನು ಕೋಲಿನಿಂದ ಹೊಡೆಯುತ್ತ ದೇವತೆಗಳ ಮತ್ತು ವೀರರ ಕಥೆಗಳನ್ನು ಹಾಡುತ್ತಾರೆ. ಈ ಬಿಲ್ಲಿನಲ್ಲಿ ಬಾಗು ಮತ್ತು ಬಿಗಿ ಎರಡೂ ಉಳಿದಿವೆ.

ಇಂತಹ ಬಿಲ್ಲುಗಳಿಗೆ ತಾಳೆ ಮತ್ತು ಬಿದಿರುಗಳ ಬಳಕೆ ಆಕಸ್ಮಿಕವಲ್ಲ. ಬಾಗಿದ ಬಿಲ್ಲಿನ ಹೊರಮೈ ಎಳೆತಕ್ಕೂ ಒಳಮೈ ಒತ್ತಡಕ್ಕೂ ಗುರಿಯಾಗುತ್ತದೆ. ಬಿದಿರು ಮತ್ತು ತಾಳೆಗಳಲ್ಲಿ ಗಟ್ಟಿಯಾದ ನಾರು ಕಾಂಡದ ಹೊರಭಾಗದಲ್ಲಿ ದಟ್ಟವಾಗಿದ್ದು ಒಳಗೆ ಹೋದಂತೆ ಸಡಿಲವಾಗುತ್ತದೆ. ಆದ್ದರಿಂದ ಬಿದಿರಿನ ಬಿಲ್ಲಿನಲ್ಲಿ ಸಿಪ್ಪೆಯ ಭಾಗವನ್ನು ಹೊರಮೈಗೆ ಉಳಿಸಿಕೊಂಡು ಒಳಗಿನಿಂದ ಹೆರೆಯುವುದು ಯುಕ್ತ. ಎರಡು ತೋಳುಗಳೂ ಸಮನಾಗಿ ಬಾಗುವಂತೆ ಸ್ವಲ್ಪಸ್ವಲ್ಪವೇ ಹೆರೆದು, ಮತ್ತೆಮತ್ತೆ ಬಾಗಿಸಿ ನೋಡುವುದು ಕಸುಬಿನ ಅತ್ಯಂತ ಸೂಕ್ಷ್ಮವಾದ ಹಂತ. ಒಂದು ಕಡೆ ಅತಿಯಾಗಿ ಹೆರೆದರೆ ಬಿಲ್ಲು ಅಲ್ಲಿಯೇ ಮುರಿಯುತ್ತದೆ.

4. ಕೊಚ್ಚಿ: ಚಿತ್ರ ಮತ್ತು ಗ್ರಂಥ

ಕೊಚ್ಚಿಯ ಆಧಾರಗಳು ಬೇರೆ ಬಗೆಯವು. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ, ಬಳಿಕ ಡಚ್ಚರು ದುರಸ್ತಿಗೊಳಿಸಿದ ಮಟ್ಟಾಂಚೇರಿ ಅರಮನೆಯ ಶಯನಗೃಹದ ಗೋಡೆಗಳಲ್ಲಿ ರಾಮಾಯಣದ ಚಿತ್ರಮಾಲೆಯಿದೆ. ಎರ್ನಾಕುಳತ್ತಪ್ಪನ್ ದೇವಾಲಯದ ಸ್ಥಳಕಥೆ ಕಿರಾತಾರ್ಜುನ ಪ್ರಸಂಗಕ್ಕೆ ಸೇರಿದ್ದು, ಪಂಪನಿಂದ ಷಡಕ್ಷರಿಯ 'ಶಬರಶಂಕರ ವಿಲಾಸ'ದವರೆಗೆ ಬಂದ ಕಥಾವಸ್ತುವನ್ನು ನೆನಪಿಸುತ್ತದೆ. ಇವು ಬಿಲ್ಲು ಹಿಡಿದವನನ್ನು ತೋರಿಸುವ ಆಧಾರಗಳು.

ಹೆಚ್ಚು ಮಹತ್ವದ್ದು ಗ್ರಂಥಪರಂಪರೆ. ಕೊಚ್ಚಿ ಸಂಸ್ಥಾನದ ಜನಾಂಗ ಅಧ್ಯಯನವನ್ನು ಕೈಗೊಂಡ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ 'ಕೊಚ್ಚಿನ್ ಟ್ರೈಬ್ಸ್ ಅಂಡ್ ಕಾಸ್ಟ್ಸ್' 1909 ಮತ್ತು 1912ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಎಚ್.ವಿ. ನಂಜುಂಡಯ್ಯನವರು ಆರಂಭಿಸಿದ ಮೈಸೂರು ಸಂಸ್ಥಾನದ ಜನಾಂಗ ಸಂಪುಟಗಳನ್ನು ಮುಂದೆ ಪೂರ್ಣಗೊಳಿಸಿದವರೂ ಇವರೇ. ಹೀಗೆ ಕೊಚ್ಚಿಯ ಮತ್ತು ಕನ್ನಡನಾಡಿನ ಜನಾಂಗ ವಿವರಣೆಗಳು ಒಂದೇ ಕೈಯಲ್ಲಿ ಸಾಗಿಬಂದವು. ತಿರುವಾಂಕೂರಿನ ಬುಡಕಟ್ಟುಗಳನ್ನು ಕುರಿತು ಎಲ್.ಎ. ಕೃಷ್ಣ ಅಯ್ಯರ್ ಬರೆದರು. ಕುಲ, ವಿವಾಹ, ಆರಾಧನೆಗಳೇ ಇಂತಹ ಗ್ರಂಥಗಳ ಪ್ರಧಾನ ವಿಷಯಗಳು, ಕಸುಬಿನ ಹಂತಗಳಲ್ಲ. ಪೋಪ್ ಮಾಡಿದ ಬಗೆಯ ಕೆಲಸ ನಮ್ಮಲ್ಲಿ ಆಗಬೇಕಾಗಿರುವುದು ಇಲ್ಲಿಯೇ.

5. ಎಸುಗೆ, ಮತ್ತು ಕಾವ್ಯಕ್ಕೆ ಮರಳುವ ದಾರಿ

ಎಸುಗೆಯ ಪರಂಪರೆಗಾಗಿ ನಾವು ಈ ಎರಡು ನಗರಗಳಿಂದ ಉತ್ತರದ ವಯನಾಡಿಗೆ ಹೋಗಬೇಕು. ಅಲ್ಲಿನ ಕುರಿಚ್ಯರು ಪಳಶ್ಶಿರಾಜನ ಪಕ್ಷದಲ್ಲಿ ಬಿಲ್ಲುಬಾಣಗಳಿಂದ ಹೋರಾಡಿದವರು. ತಲಕ್ಕಲ್ ಚಂದುವಿನ ನೇತೃತ್ವದಲ್ಲಿ 1802ರ ಪನಮರಂ ದಾಳಿಯಲ್ಲಿ ಭಾಗವಹಿಸಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆ ನಿಂತಿದೆ, ನಿಲ್ಲಬೇಕಾದುದೇ ಸರಿ. ಆದರೆ ಬೇಟೆಯೊಂದಿಗೆ ಬಿಲ್ಲು ಕಟ್ಟುವ ನಿತ್ಯದ ಅಗತ್ಯವೂ ಕುಂದಿತು. ಪ್ರಾಣಿಗಳನ್ನು ಉಳಿಸುವ ಕಾಯಿದೆ ಪದಗಳನ್ನು ಉಳಿಸಲಾರದು. ಅದು ಸಂಶೋಧಕರ ಹೊಣೆ.

ಈ ಅರಿವು ಕಾವ್ಯದ ಓದಿಗೆ ಹೇಗೆ ನೆರವಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಮರದ ಬಿಲ್ಲನ್ನು ಸದಾ ಹುರಿಬಿಗಿದು ಇಟ್ಟರೆ ಅದು ಬಾಗಿದಂತೆಯೇ ನಿಂತು ಶಕ್ತಿಗುಂದುತ್ತದೆ. ಆದ್ದರಿಂದ ಬಳಸುವಾಗ ಮಾತ್ರ ಹುರಿಯನ್ನು ಏರಿಸುತ್ತಾರೆ. ವೀರನು ಹೆದೆಯೇರಿಸಿದನೆಂದು ಕವಿ ಹೇಳಿದರೆ ಅದು ಅಲಂಕಾರದ ಮಾತಲ್ಲ. ಸಂಧಾನದ ಹೊತ್ತು ಮುಗಿಯಿತೆಂಬ ಸೂಚನೆ. ಎರಡನೆಯದು ಹುರಿಯನ್ನು ಮಿಡಿದು ಸದ್ದುಮಾಡುವುದೆಂಬ ಅರ್ಥದ 'ಜೇವೊಡೆ'. ಶತ್ರುವನ್ನು ಬೆದರಿಸುವುದು ಅದರ ಒಂದು ಪ್ರಯೋಜನ. ಹುರಿ ಕೊಪ್ಪುಗಳಲ್ಲಿ ಸರಿಯಾಗಿ ಕುಳಿತಿದೆಯೇ, ಬಿಗಿ ಸಾಕಾಗಿದೆಯೇ ಎಂಬುದು ಬಿಲ್ಲಾಳಿಗೆ ಅದೇ ನಾದದಿಂದ ತಿಳಿಯುತ್ತದೆ. 'ಬಿಲ್ಲು ಹೊಡೆದು ಹಾಡುವ ಹಾಡು' ಎಂಬ ಅರ್ಥದ ವಿಲ್ಲಡಿಚ್ಚಾನ್ ಪಾಟ್ಟು ಈ ಪದಕ್ಕೆ ಜೀವಂತ ವ್ಯಾಖ್ಯಾನದಂತಿದೆ.

ಭಾಷಿಕ ಸಾಮ್ಯವೂ ಗಮನಾರ್ಹ. ಕನ್ನಡದ ಬಿಲ್ಲು ಮಲಯಾಳದಲ್ಲಿ ವಿಲ್ಲು. ಅಂಬು ಎರಡರಲ್ಲಿಯೂ ಒಂದೇ. ಮಲಯಾಳದಲ್ಲಿ ಬಿಲ್ಲಿನ ಹುರಿಗೆ ಞಾಣ್ ಎನ್ನುತ್ತಾರೆ. ಅದರ ಜ್ಞಾತಿಪದವಾದ ಕನ್ನಡದ ನೇಣು ಇಂದು ಬಹುಮಟ್ಟಿಗೆ ಗಲ್ಲಿನ ಕುಣಿಕೆಯಲ್ಲಿ ಮಾತ್ರ ಉಳಿದಿದೆ. ಕಸುಬಿನಿಂದ ಬೇರ್ಪಟ್ಟ ಪದಕ್ಕೆ ಒದಗುವ ಗತಿಯನ್ನು ಇದು ಸೂಚಿಸುತ್ತದೆ.

ಆದ್ದರಿಂದ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರು ಬಿಲ್ಲಿನ ಕಥೆ ಮತ್ತು ಹಾಡುಗಳೊಂದಿಗೆ ಬಿಲ್ಲನ್ನೂ ದಾಖಲಿಸಬೇಕೆಂಬುದು ನಮ್ಮ ಸೂಚನೆ. ಮರವನ್ನು ಕಡಿಯುವ ತಿಂಗಳು, ಒಣಗಿಸುವ ಅವಧಿ, ಗೇಣು ಮೊಳಗಳಲ್ಲಿ ಹೇಳುವ ಅಳತೆ, ಹುರಿಯ ನಾರು, ಪ್ರತಿಯೊಂದು ಭಾಗದ ಆಡುನುಡಿಯ ಹೆಸರು, ಕೆಟ್ಟ ಬಿಲ್ಲನ್ನು ಗುರುತಿಸುವ ಬಗೆ ಇವೆಲ್ಲ ದಾಖಲೆಗೆ ಬರಬೇಕು. ಇಶಿಯ ಅರಿವನ್ನು ಬರೆದಿಡಲು ಪೋಪ್ ಅವರಿಗೆ ದೊರೆತ ಕಾಲ ಕೆಲವೇ ವರ್ಷಗಳದು. ಬಿಲ್ಲು ಕಟ್ಟಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕಾರ್ಯ ಆರಂಭವಾಗಬೇಕು.