ದೂರು ಸ್ವಭಾವದ ಮೇಲೆ, ಸುಳಿವು ಮಿದುಳಿನಲ್ಲಿ

ಹಾಸಿಗೆಯಿಂದೆದ್ದು ಹಲ್ಲುಜ್ಜುವ ಹೊತ್ತು. ಹದಿಹರೆಯದ ಹುಡುಗಿಯ ತೋಳುಗಳು ಥಟ್ಟನೆ ಅದುರುತ್ತವೆ. ಕೈಲಿದ್ದ ಬ್ರಷ್ ಎಗರಿ ಗೋಡೆಗೆ ಬಡಿಯುತ್ತದೆ. ಪ್ರಜ್ಞೆಯೇನೂ ತಪ್ಪಿಲ್ಲ. ನಿದ್ದೆಗಣ್ಣು ಎಂದು ಮನೆಯವರು ಗದರಿ ಸುಮ್ಮನಾಗುತ್ತಾರೆ. ಮುಂದೊಂದು ದಿನ ಮೈಯೆಲ್ಲ ಸೆಟೆದು ಫಿಟ್ಸ್ ಬಂದಾಗಲೇ ಅದು ಅಪಸ್ಮಾರವೆಂದು ತಿಳಿಯುವುದು.

ಇಂದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎನ್ನುವ ಈ ಕಾಯಿಲೆಯನ್ನು 1957ರಲ್ಲಿ ವಿವರವಾಗಿ ದಾಖಲಿಸಿದವರು ಜರ್ಮನಿಯ ವೈದ್ಯರಾದ ಡೀಟರ್ ಯಾನ್ಸ್ ಮತ್ತು ಕ್ರಿಸ್ಟಿಯಾನ್. ಅವರು ಅದುರುವಿಕೆಯನ್ನಷ್ಟೇ ಬರೆದುಕೊಳ್ಳಲಿಲ್ಲ, ರೋಗಿಗಳ ಸ್ವಭಾವವನ್ನೂ ಗಮನಿಸಿದರು: ಚಂಚಲತೆ, ಶಿಸ್ತಿನ ಕೊರತೆ, ಮೋಜಿನ ಸೆಳೆತ, ತಮ್ಮ ಕಾಯಿಲೆಯ ಬಗ್ಗೆಯೇ ಉದಾಸೀನ. ನಿದ್ದೆಗೆಟ್ಟರೆ, ಮದ್ಯ ಕುಡಿದರೆ ಫಿಟ್ಸ್ ಬರುವ ಕಾಯಿಲೆಯಲ್ಲಿ ಈ ಉದಾಸೀನ ದುಬಾರಿ.

ಈ ಸ್ವಭಾವ ಬೆಳೆದ ರೀತಿಯ ತಪ್ಪೋ, ಮಿದುಳಿನದೋ? ಉತ್ತರ ಹುಡುಕುವ ಸಾಧನ ಆಗ ಇರಲಿಲ್ಲ. ಎಂಆರ್‌ಐ ಬಂದ ಮೇಲೂ ಈ ರೋಗಿಗಳ ಸ್ಕ್ಯಾನ್ ಸಾಮಾನ್ಯವಾಗಿ ‘ನಾರ್ಮಲ್’ ಎಂದೇ ಬರುತ್ತಿತ್ತು. ಕಣ್ಣಿಗೆ ಕಾಣದ್ದನ್ನು ಕಂಪ್ಯೂಟರ್ ಅಳೆಯತೊಡಗಿದಾಗ ಚಿತ್ರ ಬದಲಾಯಿತು. 1999ರಲ್ಲಿ ಲಂಡನ್ ಸಂಶೋಧಕರಿಗೆ ಹಣೆಯ ಹಿಂದಿನ ಮುಂಭಾಗದ ಹಾಲೆಯಲ್ಲಿ ವ್ಯತ್ಯಾಸ ಕಂಡಿತು. ಯೋಜನೆ, ಸಂಯಮ, ಪರಿಣಾಮದ ಯೋಚನೆ ಎಲ್ಲಕ್ಕೂ ಈ ಹಾಲೆ ಬೇಕು. 2009ರಲ್ಲಿ ಬ್ರೆಜಿಲ್‌ನ ತಂಡವೊಂದು, ಇದೇ ಅಪಸ್ಮಾರದ ಜೊತೆಗೆ ವ್ಯಕ್ತಿತ್ವದ ತೊಂದರೆಯೂ ಇದ್ದವರನ್ನು ಬೇರೆಯಾಗಿ ನೋಡಿತು. ಅವರಲ್ಲಿ ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗ ಕುಗ್ಗಿತ್ತು, ಮುಂಭಾಗದ ಹಾಲೆಯ ಕೆಲವು ಕಡೆ ಗಾತ್ರ ಹೆಚ್ಚಿತ್ತು.

ಹಾಗೆಂದು ಸ್ಕ್ಯಾನ್ ನೋಡಿ ಯಾರ ಗುಣವನ್ನೂ ಹೇಳಲಾಗದು. ಇವೆಲ್ಲ ಗುಂಪುಗಳ ಸರಾಸರಿ. ಯಾನ್ಸ್ ಪಟ್ಟಿಗೆ ಒಂದಿಷ್ಟೂ ಹೊಂದದ ರೋಗಿಗಳೂ ಬೇಕಾದಷ್ಟಿದ್ದಾರೆ.

ಅದುರುವಿಕೆಯ ವಿಷಯದಲ್ಲಿ ಹೆಚ್ಚು ಸ್ಪಷ್ಟವಾದ ಸುಳಿವು ಸಿಕ್ಕಿದ್ದು ಕೆಲಸದಲ್ಲಿ ತೊಡಗಿದ ಮಿದುಳನ್ನು ತೋರಿಸುವ ಫಂಕ್ಷನಲ್ ಎಂಆರ್‌ಐಯಿಂದ. 2011ರ ಅಧ್ಯಯನದಲ್ಲಿ ರೋಗಿಗಳಿಗೆ ನೆನಪಿನ ಪರೀಕ್ಷೆ ಕೊಟ್ಟರು. ಪರೀಕ್ಷೆ ಕಠಿಣವಾದಷ್ಟೂ, ಯೋಚಿಸುವ ಜಾಲದ ಜೊತೆಗೆ ಕೈಕಾಲು ಆಡಿಸುವ ಭಾಗವೂ ಚುರುಕಾಯಿತು. ತಲೆಗೆ ಕೆಲಸ ಕೊಡುವ ಯೋಚನೆಯೇ ಕೆಲವರಲ್ಲಿ ಅದುರುವಿಕೆ ತರಿಸುವುದೇಕೆಂಬುದಕ್ಕೆ ಇಲ್ಲಿ ಒಂದು ಸಂಭಾವ್ಯ ವಿವರಣೆ ಸಿಕ್ಕಿತು.

ಇದು ಫಿಟ್ಸ್‌ನ ಅಥವಾ ಮಾತ್ರೆಗಳ ಪರಿಣಾಮವೂ ಇರಬಹುದಲ್ಲ? 2014ರಲ್ಲಿ ರೋಗಿಗಳ ಒಡಹುಟ್ಟಿದವರನ್ನೂ ಪರೀಕ್ಷಿಸಿದರು. ಅಪಸ್ಮಾರವಿಲ್ಲದ ಆ ಅಕ್ಕತಂಗಿ, ಅಣ್ಣತಮ್ಮಂದಿರ ಮಿದುಳಲ್ಲೂ ಯೋಚನೆಯೊಂದಿಗೆ ಚಲನೆಯ ಭಾಗ ಮಿಡಿಯುತ್ತಿತ್ತು.